ತಂಪಣ್ಣನ ತೋಳು

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

"ತಲೆ ಕಡೆ ಎತ್ರೋ, ತಲೆ ಕಡೆ!"

"ತಲೆ ಯಾವುದು ಮಾರಾಯ, ಇನ್ನೂ ಖಾಲಿ ಇದೆಯಲ್ಲ!"

ಹೊತ್ತಿದ್ದ ನಾಲ್ವರೂ ಕಬ್ಬಿಣದ ಯಾರ್ಡಿನವರು. ಲಾರಿಯಷ್ಟು ತೂಕದ ತೊಲೆಗಳಿಗೆ ದಿನವಿಡೀ ಸರಪಣಿ ಬಿಗಿದು ಕ್ರೇನಿಗೆ ಒಪ್ಪಿಸುವವರು. ಇವತ್ತು ಒಂದು ಮರದ ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಸಾಗಿಸಲಾಗದೆ ಗೋಡೆಯ ಬಣ್ಣ ಕೆರೆಯುತ್ತಿದ್ದರು. ಮುಂದಿದ್ದ ಕುಳ್ಳ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದ. ಹಿಂದಿದ್ದವನೊಬ್ಬನ ಬೆರಳು ಕಂಬಿಗೆ ಸಿಕ್ಕಿತು. ಸಾವಿನ ಮನೆಯೆಂಬುದನ್ನೂ ಮರೆತು ಅವನು ಪೆಟ್ಟಿಗೆಯ ತಾಯಿಯನ್ನು ಬೈದ.

ಕೆಳಗೆ ಬಾಗಿಲಲ್ಲಿ, ಅದೇ ಯಾರ್ಡಿನಲ್ಲಿ ಕ್ರೇನಿಗೆ ಕೈಸನ್ನೆ ಮಾಡುವ ಮೀಸೆ ನಿಂತಿದ್ದ. ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ. ಸತ್ತ ತಂಪಣ್ಣನ ಜೊತೆ ಅವನು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮೀಸೆಯ ಹೆಂಡತಿ ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲೆ ಇಟ್ಟು ಒಳಗೆ ಹೋಗಿದ್ದಳು. ಅದಕ್ಕೇ ಬಂದಿದ್ದ.

ಕುಳ್ಳ ತಿರುವಿನಿಂದ ಇಣುಕಿದ. "ಸಿನಿಮಾ ನೋಡ್ದಂಗೆ ನಿಂತಿದ್ದೀಯಲ್ಲೋ! ಕೈ ತೋರ್ಸೋ!"

ಮೀಸೆಯ ಕೈ ತಾನಾಗಿಯೇ ಎದ್ದಿತು. ಅಂಗೈ ಓರೆ ಮಾಡಿದ, ಪೆಟ್ಟಿಗೆ ಓರೆಯಾಯಿತು. ಹೆಬ್ಬೆರಳು ಮೇಲೆತ್ತಿದ, ಪೆಟ್ಟಿಗೆ ಎದ್ದು ನಿಂತಿತು. ತಿರುವು ದಾಟಿದ ಮೇಲೆ ಮುಷ್ಟಿ ಬಿಗಿದ. ನಾಲ್ವರೂ ನಿಂತರು. ಬೈಗುಳವೂ ನಿಂತಿತು.

*

ಯಾರ್ಡಿನ ಎರಡು ಗೋಡೆಗಳ ಮೇಲೆ ಹಳಿ. ಹಳಿಯ ಮೇಲೆ ಓಡುವ ಕ್ರೇನು. ಕ್ರೇನಿಗೆ ಅಂಟಿಕೊಂಡ ಒಂದು ಗಾಜಿನ ಗೂಡು. ಏಣಿ ಹತ್ತಿ ಆ ಗೂಡಿನಲ್ಲಿ ಕೂತರೆ ಪಾಳಿ ಮುಗಿಯುವವರೆಗೆ ಇಳಿಯುವ ಮಾತಿಲ್ಲ. ಇಳಿದರೆ ಕೆಳಗೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಸೂಪರ್‌ವೈಸರ್ ವಾಕಿಟಾಕಿಯಲ್ಲಿ ಒದರುತ್ತಾನೆ. ಮೂತ್ರಕ್ಕೆ ಇಳಿಯಬೇಕಾದೀತೆಂದು ತಂಪಣ್ಣ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಹಸಿವಾದರೆ ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದ. ಕ್ಯಾಂಟೀನಿನ ಕರಿ ಎಣ್ಣೆಯಲ್ಲಿ ಕರಿದದ್ದು, ಟೀ, ಸಿಗರೇಟು ಅದರಲ್ಲಿ ಮೇಲೇರುತ್ತಿದ್ದವು. ಖಾಲಿ ಬಕೆಟ್ಟು ಇಳಿಯುತ್ತಿತ್ತು. ಅವನು ಮಾತ್ರ ಇಳಿಯುತ್ತಿರಲಿಲ್ಲ.

ಅವನು ಯಾರ ಮೇಲೂ ಕೂಗಿದವನಲ್ಲ. ಅದಕ್ಕೇ ತಂಪಣ್ಣ. ಸೂಪರ್‌ವೈಸರ್ ಹುಟ್ಟನ್ನೇ ಎತ್ತಿ ಬೈದರೂ "ಆಯ್ತು ಸಾರ್" ಎನ್ನುತ್ತಿದ್ದ. ಕೂಗದವನಿಗೆ ಒಳಗೂ ಏನಿಲ್ಲ ಎಂಬುದು ಕೂಗುವವರ ಲೆಕ್ಕ. ಗೆಳೆಯರ ತಲೆಯ ಮೇಲೆ ದಿನವಿಡೀ ಟನ್ನುಗಟ್ಟಲೆ ಕಬ್ಬಿಣ ತೂಗಾಡಿಸುವವನಿಗೆ ತಂಪು ಎಲ್ಲಿಂದ ಬರಬೇಕು ಎಂದು ಒಬ್ಬನೂ ಕೇಳಲಿಲ್ಲ. ಒಮ್ಮೆ ಸರಪಣಿಯ ಕೊಂಡಿ ಬಿಟ್ಟು ಒಂದು ತೊಲೆ ಕುಳ್ಳನ ಕಾಲ ಪಕ್ಕಕ್ಕೇ ಬಿತ್ತು. ಕುಳ್ಳ ಎರಡು ದಿನ ರಜೆ ಹಾಕಿದ. ತಂಪಣ್ಣ ಮುಂದಿನ ತೊಲೆ ಎತ್ತಿದ.

ವರ್ಷಕ್ಕೊಮ್ಮೆ ಗೇಟಿನ ಹತ್ತಿರ ತಪಾಸಣೆಯ ವ್ಯಾನು ಬರುತ್ತಿತ್ತು. ಕ್ರೇನಿನವರು, ತೊಲೆಗಳ ಅಟ್ಟಿ ಹತ್ತಿ ಸರಪಣಿ ಬಿಗಿಯುವವರು, ಹೀಗೆ ಎತ್ತರದಲ್ಲಿ ಕೆಲಸ ಮಾಡುವವರ ತೋಳಿಗೆಲ್ಲ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದರು. ಹೆಚ್ಚಿದ್ದವನು ಏಣಿ ಹತ್ತುವಂತಿಲ್ಲ. ಕೆಳಗಿನ ಧೂಳು, ಕೆಳಗಿನ ಸಂಬಳ. ವ್ಯಾನಿನವರಿಗೆ ಮುಖ ಬೇಕಿರಲಿಲ್ಲ, ಅಂಗಿಗೆ ಚುಚ್ಚಿದ ಬಿಲ್ಲೆಯ ನಂಬರು ಸಾಕಿತ್ತು.

ಒಂದು ವರ್ಷ ಕುಳ್ಳ ಹೆದರಿ ಬೆವೆತಿದ್ದ. "ತಂಪಣ್ಣ, ನಿನ್ನ ತೋಳು ಸ್ವಲ್ಪ ಕೊಡೋ. ನಿಂದೇನು, ಫ್ರಿಜ್ಜು."

ತಂಪಣ್ಣ ನಕ್ಕು, ಪಾಳಿ ಮುಗಿದ ಮೇಲೆ ಕುಳ್ಳನ ಬಿಲ್ಲೆ ಚುಚ್ಚಿಕೊಂಡು ಹೋಗಿಬಂದ. ಪಾಸು. ಮರುವರ್ಷ ಇಬ್ಬರು ಕೇಳಿದರು. ಆಮೇಲೆ ಕೇಳುವುದೂ ನಿಂತು, ಬಿಲ್ಲೆಗಳು ತಾವಾಗಿ ಬಕೆಟ್ಟಿನಲ್ಲಿ ಮೇಲೇರತೊಡಗಿದವು. ಒಂದೇ ಮುಖ ಬಹಳ ಸಲ ಹೋದರೆ ನರ್ಸಮ್ಮನಿಗೆ ಗುರುತು ಹತ್ತೀತೆಂದು ಅವನು ತನ್ನ ಬಿಲ್ಲೆ ಹಾಕಿಕೊಂಡು ಹೋಗಲೇ ಇಲ್ಲ. ಅವನ ಹೆಸರು ಕೂಗಿದಾಗ ಸೂಪರ್‌ವೈಸರ್ ವ್ಯಾನಿನ ಬಾಗಿಲಿಗೆ ಬಂದು, "ಅವನು ಮೇಲಿದ್ದಾನಮ್ಮ, ಕ್ರೇನು ನಿಲ್ಸಕ್ಕಾಗಲ್ಲ. ತಂಪಣ್ಣ ತಾನೇ? ನಾರ್ಮಲ್ ಅಂತ ಬರ್ಕೊಳ್ಳಿ" ಎನ್ನುತ್ತಿದ್ದ. ಬರೆದುಕೊಳ್ಳುತ್ತಿದ್ದರು.

*

ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅವನನ್ನು ಮಲಗಿಸಿದ್ದರು. ತುಂಬು ತೋಳಿನ ಬಿಳಿ ಅಂಗಿ. ಹೆಂಡತಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕುರ್ಚಿಯಲ್ಲಿ ಅವನ ಅಕ್ಕ. ಗೋಡೆಯುದ್ದಕ್ಕೂ ನಿಂತ ನೆರೆಯವರು ಸತ್ತವನನ್ನು ಒಮ್ಮೆ, ಅಳದ ಹೆಂಡತಿಯನ್ನು ಎರಡು ಸಲ ನೋಡುತ್ತಿದ್ದರು.

"ಪ್ರತಿ ವರ್ಷ ನಾರ್ಮಲ್," ಅಕ್ಕ ಅಂದಳು. ಯಾರಿಗೂ ಅಲ್ಲ, ಎಲ್ಲರಿಗೂ. "ಕಂಪನಿ ಸಾರೇ ಈಗ ಹೇಳಿದ್ರು. ಅಲ್ವಾ ಸಾರ್?"

ಸೂಪರ್‌ವೈಸರ್ ಹೂವಿನ ಗುಚ್ಛ ಹಿಡಿದು ನಿಂತಿದ್ದ. ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಹೌದಮ್ಮ. ಯಾರ್ಡಲ್ಲೇ ಗಟ್ಟಿ ಹೃದಯ ಅವನದು. ರೆಕಾರ್ಡ್ ಇದೆ."

"ಕೇಳಿದ್ರಾ? ಅಂಥ ಎದೆ ಸುಮ್ಸುಮ್ನೆ ಒಡೆಯುತ್ತಾ? ಕೆಲಸದಲ್ಲಿ ಚೆನ್ನಾಗಿದ್ದೋನು ಸತ್ತ ಅಂದ್ರೆ ಮನೇಲಿ ಏನೋ ಇತ್ತು. ಮನೇಲಿ ಇದ್ದೋರು ಇಬ್ರೇ. ಒಬ್ಬ ಮಲಗಿದ್ದಾನೆ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಬಂದಾಗೆಲ್ಲ ನೋಡಿದ್ದೀನಿ. ತಟ್ಟೆ ಮುಂದೆ ಕೂತರೆ ಇವಳ ಬಾಯಿ ಶುರು. ಬೇಗ ಬರಲ್ಲ, ಮಾತಾಡಲ್ಲ, ನಿದ್ದೆ ಮಾಡಲ್ಲ. ಉಪ್ಪಂತೂ ಮುಷ್ಟಿ ಮುಷ್ಟಿ. ಒಂದು ದಿನ ಸುಮ್ನೆ ಊಟ ಹಾಕಿದ್ರೆ ಇವಳ ಗಂಟೇನು ಹೋಗ್ತಿತ್ತು?"

"ಅವರೇ ಕೇಳಿ ಹಾಕಿಸ್ಕೊಳ್ತಿದ್ರು, ಅತ್ತಿಗೆ," ಹೆಂಡತಿ ನೆಲ ನೋಡುತ್ತ ಅಂದಳು. "ಬಾಯಿಗೆ ರುಚಿ ಹತ್ತಲ್ಲ ಅಂತ."

"ಸತ್ತೋನ ಮೇಲೆ ಹಾಕು. ಅವನೇನು ಎದ್ದು ಬಂದು ಅಲ್ಲ ಅಂತಾನಾ?"

ನೆರೆಯ ಹೆಂಗಸೊಬ್ಬಳು ಲೊಚಗುಟ್ಟಿದಳು. ಅದು ಸತ್ತವನಿಗಲ್ಲ ಎಂಬುದು ಕೋಣೆಗೆಲ್ಲ ತಿಳಿಯಿತು. ಇನ್ನು ಮುಂದೆ ಈ ಮೆಟ್ಟಿಲು ಹತ್ತಿ ಇಳಿಯುವಾಗೆಲ್ಲ ಆ ಸದ್ದು ತನ್ನ ಹಿಂದೆಯೇ ಬರುತ್ತದೆ ಎಂದು ಹೆಂಡತಿಗೂ ತಿಳಿಯಿತು. ಅವಳು ಕಾಲು ಇನ್ನಷ್ಟು ಮಡಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಮೀಸೆಯ ಭುಜ ತಟ್ಟಿ ಸೂಪರ್‌ವೈಸರ್ ಹೊರಗೆ ಕರೆದ. ಹೂವಿನ ಗುಚ್ಛ ಇನ್ನೂ ಅವನ ಕೈಯಲ್ಲೇ ಇತ್ತು.

"ನೋಡು, ಇಲ್ಲಿ ಹೇಳೋ ಮಾತಲ್ಲ, ಆದ್ರೂ ಹೇಳ್ತೀನಿ. ಸೋಮವಾರದಿಂದ ನೀನು ಮೇಲೆ ಹತ್ತು. ಸೀಟು ಖಾಲಿ."

ಮೀಸೆ ಮೂರು ವರ್ಷ ಕಾದಿದ್ದ ಮಾತು ಅದು. "ತಪಾಸಣೆ ಬರುತ್ತಲ್ಲ ಸಾರ್? ನಾನು ಅದರಲ್ಲಿ ಫೇಲಾದೋನು."

"ಅದಕ್ಕೇನೀಗ?" ಸೂಪರ್‌ವೈಸರ್ ತಗ್ಗಿದ ದನಿಯಲ್ಲಿ ಅಂದ. "ಇನ್ನೊಂದು ತೋಳು ಹುಡುಕೋಣ ಬಿಡು."

*

ಇಬ್ಬರೂ ಮಾತು ಬಿಟ್ಟ ವರ್ಷ ಹೊಸ ಕ್ರೇನು ಬರುವುದಿತ್ತು. ಮೆತ್ತನೆಯ ಸೀಟು, ಫ್ಯಾನು, ಹೆಚ್ಚು ಸಂಬಳ. ಸರದಿಯಲ್ಲಿದ್ದವರು ಇಬ್ಬರೇ, ತಂಪಣ್ಣ ಮತ್ತು ಆಗ ಇನ್ನೊಂದು ಪಾಳಿಯಲ್ಲಿ ಕ್ರೇನು ಓಡಿಸುತ್ತಿದ್ದ ಮೀಸೆ. ಮೀಸೆಗೆ ಆಗ ಹೊಟ್ಟೆ ಬೆಲ್ಟಿನ ಮೇಲೆ ಇಳಿದಿತ್ತು, ಏಣಿ ಹತ್ತಿದರೆ ಏದುಸಿರು. ಅವನೂ ಬಿಲ್ಲೆ ಕೊಟ್ಟ, ಆ ಸಲ ಕೊಟ್ಟವನು ಅವನೊಬ್ಬನೇ. ಪಾಳಿ ಮುಗಿದ ಮೇಲೆ ತಂಪಣ್ಣ ಹೋಗಿ ಕೂತ.

ನರ್ಸಮ್ಮ ಪಟ್ಟಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಏನಪ್ಪ, ಓಡಿ ಬಂದ್ಯಾ? ಯಾರ ಹತ್ರಾನಾದ್ರೂ ಜಗಳ ಆಡಿದ್ಯಾ?" ಹತ್ತು ನಿಮಿಷ ಕೂರಿಸಿ ಮೂರನೇ ಸಲ ಸುತ್ತಿದಳು. ಆಮೇಲೆ ಮೀಸೆಯ ನಂಬರಿನ ಮುಂದೆ ಕೆಂಪು ಗೆರೆ ಎಳೆದಳು.

ಅವತ್ತು ಸಂಜೆ ತಂಪಣ್ಣ ಮೀಸೆಯ ಮನೆಗೆ ಬಂದ. ಕುರ್ಚಿಯ ಅಂಚಿನಲ್ಲಿ ಕೂತ. ಮೇಷ್ಟ್ರಿಗೆ ಪಾಠ ಒಪ್ಪಿಸುವವನಂತೆ, ನರ್ಸಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ.

"ನಿಂದು ಬಹಳ ಜಾಸ್ತಿ ಇದೆಯಂತೆ ಕಣೋ. ತಲೆನೋವು ಬರ್ತಾ ಇದ್ಯಾ ಅಂತ ಕೇಳಿದ್ಲು. ಸಿಗರೇಟು ಬಿಡ್ಬೇಕಂತೆ. ದಿನಾ ನಡೀಬೇಕಂತೆ, ಕೂತಲ್ಲೇ ಕೂರ್ಬಾರ್ದಂತೆ. ಮನಸ್ಸಲ್ಲಿ ಇಟ್ಕೊಂಡು ಕೊರಗ್ಬಾರ್ದಂತೆ." ಆಮೇಲೆ ಅಡುಗೆಮನೆಯ ಕಡೆ ತಿರುಗಿದ. "ತಂಗಿ, ಇವನಿಗೆ ಉಪ್ಪು ಕಡಿಮೆ ಹಾಕಮ್ಮ. ಡಾಕ್ಟರ ಹತ್ರ ಕರ್ಕೊಂಡು ಹೋಗು. ಸುಮ್ನೆ ಬಿಡ್ಬೇಡ."

ಮೀಸೆ ಎದ್ದು ನಿಂತ. "ಬೇಕಂತ್ಲೇ ಮಾಡಿದ್ದೀಯ."

"ಏನು?"

"ಎರಡು ಪ್ಯಾಕು ಸಿಗರೇಟು ಎಳೆದು, ಏಣಿ ಹತ್ತಿ ಇಳಿದು ಹೋಗಿ ಕೂತಿದ್ದೀಯ. ಕುಳ್ಳಂಗೆ ನಾರ್ಮಲ್, ಅವರಿವರಿಗೆಲ್ಲ ನಾರ್ಮಲ್, ನನಗೆ ಮಾತ್ರ ಜಾಸ್ತಿ! ಹೊಸ ಕ್ರೇನು ನಿಂಗೆ ಬೇಕಿತ್ತು. ಬಾಯಿ ಬಿಟ್ಟು ಕೇಳಿದ್ರೆ ಕೊಡ್ತಿದ್ದೆ."

"ಅದೆಲ್ಲ ಹಿಂದಿನ ವರ್ಷಗಳ ಮಾತು ಕಣೋ..."

"ಆಚೆ ನಡಿ."

ತಂಪಣ್ಣ ಎದ್ದ. ಬಾಗಿಲಲ್ಲಿ ನಿಂತು, "ಉಪ್ಪು ಮಾತ್ರ ಬಿಡೋ" ಅಂದ. ಅವನು ಮೀಸೆಗೆ ಆಡಿದ ಕೊನೆಯ ಮಾತು ಅದು.

ಆ ತೋಳು ಯಾರದ್ದು ಎಂದು ಅವತ್ತು ಯಾರಿಗೂ ಹೊಳೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಬಿಲ್ಲೆ ಯಾರದ್ದೋ ರಕ್ತವೂ ಅವರದ್ದೇ ಎಂಬಂತಾಗಿಬಿಟ್ಟಿತ್ತು. ಯಾರ್ಡಿನವರು ನಕ್ಕರು. "ಮೀಸೆ ಎಂಥ ರೋಗಿಷ್ಟ ಅಂದ್ರೆ, ಅವನ ಬಿಲ್ಲೆ ಹಾಕ್ಕೊಂಡ್ರೆ ತಂಪಣ್ಣಂಗೂ ಬಿಪಿ ಬರುತ್ತೆ!" ತಂಪಣ್ಣನೂ ನಕ್ಕ. ಶಕುನ ಸರಿಯಿಲ್ಲವೆಂದು ಆಮೇಲೆ ಯಾರೂ ಅವನಿಗೆ ಬಿಲ್ಲೆ ಕೊಡಲಿಲ್ಲ, ಬೇರೆ ತೋಳು ಹುಡುಕಿಕೊಂಡರು.

ಮೀಸೆಯನ್ನು ಕೆಳಗಿಳಿಸಿ, ತಂಪಣ್ಣನಿಗೆ ಸಿಕ್ಕ ಹೊಸ ಕ್ರೇನಿಗೇ ಸನ್ನೆ ಮಾಡುವ ಕೆಲಸಕ್ಕೆ ಹಾಕಿದರು. ಖಾಲಿಯಾದ ಮೀಸೆಯ ಪಾಳಿಗೆ ಹೊಸ ಜನ ತೆಗೆದುಕೊಳ್ಳಲಿಲ್ಲ. ತಂಪಣ್ಣ ಎರಡೂ ಪಾಳಿ ಕೂತ. ಮೀಸೆ ಭಾರದ ಹಿಂದೆ ಯಾರ್ಡಿನ ಈ ತುದಿಯಿಂದ ಆ ತುದಿಗೆ ದಿನವಿಡೀ ನಡೆದ. ಮನೆಯಲ್ಲಿ ಹೆಂಡತಿ ಉಪ್ಪಿನ ಡಬ್ಬಿಯನ್ನೇ ಬಚ್ಚಿಟ್ಟಳು, ಸಿಗರೇಟು ಮುರಿದು ಎಸೆದಳು, ಡಾಕ್ಟರ ಮುಂದೆ ಎಳೆದುಕೊಂಡು ಹೋಗಿ ಕೂರಿಸಿದಳು. ಹೊಟ್ಟೆ ಕರಗಿತು. ಏದುಸಿರು ಹೋಯಿತು. ಕೋಪ ಮಾತ್ರ ಹಾಗೇ ಉಳಿಯಿತು.

ಇಬ್ಬರ ನಡುವೆ ಮಾತು ಸತ್ತಿತ್ತು, ಕೈ ಬದುಕಿತ್ತು. ಎತ್ತು, ಸರಿಸು, ನಿಧಾನ ಇಳಿಸು. ಭಾರ ನೆಲ ಮುಟ್ಟಿದಾಗ ಮೀಸೆ ಮುಷ್ಟಿ ಬಿಗಿದು ಎತ್ತಿ ಹಿಡಿಯಬೇಕು. ಮೇಲಿನಿಂದ ತಂಪಣ್ಣ ಒಂದು ಸಲ ಗಂಟೆ ಒತ್ತಬೇಕು, ನೋಡಿದೆ ಎಂದು. ಗಂಟೆ ಕೇಳುವವರೆಗೆ ಸನ್ನೆಯವನು ಕೈ ಇಳಿಸಬಾರದು. ಯಾರ್ಡಿನ ನಿಯಮ ಅದು. ಮೂರು ವರ್ಷ ಅವರಿಬ್ಬರೂ ಆಡಿಕೊಂಡದ್ದು ಅಷ್ಟೇ, ಒಂದು ಮುಷ್ಟಿ, ಒಂದು ಗಂಟೆ.

ಮೊನ್ನೆ ಮಧ್ಯಾಹ್ನ ಮೀಸೆ ಇಳಿಸು ಎಂದು ಕೈ ಮಾಡಿದ. ತೊಲೆ ಗಾಳಿಯಲ್ಲೇ ನಿಂತಿತ್ತು. ಮತ್ತೆ ಮಾಡಿದ. ಇಳಿಯಲಿಲ್ಲ. ಬಿಸಿಲು ಗಾಜಿಗೆ ಬಿದ್ದು ಒಳಗಿನ ಮುಖ ಕಾಣುತ್ತಿರಲಿಲ್ಲ. ಇವತ್ತು ಆಟ ಆಡಿಸುತ್ತಿದ್ದಾನೆ ಎಂದುಕೊಂಡ ಮೀಸೆ, ಯಾರ್ಡಿಗೆಲ್ಲ ಕೇಳುವಂತೆ ಬೈದ. "ಕೂತ್ಕೋ ಮಗನೆ, ನೀನೂ ಕೂತ್ಕೋ, ನಾನೂ ನಿಂತ್ಕೋತೀನಿ!" ಕೈ ಕಟ್ಟಿಕೊಂಡು ನಿಂತ. ಎಷ್ಟೋ ಹೊತ್ತಿನ ಮೇಲೆ ಕುಳ್ಳ ಅನುಮಾನ ಬಂದು ಏಣಿ ಹತ್ತಿದ.

ತೊಲೆ ಒಂದಿಷ್ಟೂ ತೂಗಾಡಿರಲಿಲ್ಲ. ಕ್ರೇನು ಅಲುಗದಂತೆ ಹಿಡಿಕೆಯನ್ನು ಸೊನ್ನೆಗೆ ತಂದು ನಿಲ್ಲಿಸಿಯೇ ಅವನು ಸೀಟಿಗೆ ಒರಗಿದ್ದ.

*

"ಎತ್ತೋಣ್ವಾ?" ಕುಳ್ಳ ಕೇಳಿದ.

ಪೆಟ್ಟಿಗೆಯನ್ನು ಮಂಚದ ಪಕ್ಕ ಇಟ್ಟಿದ್ದರು. ಇಬ್ಬರು ಕಾಲು ಹಿಡಿದರು, ಕುಳ್ಳ ಬೆನ್ನಿನ ಕೆಳಗೆ ಕೈ ಹಾಕಿದ. ಒಂದು ಕೈ ಕಡಿಮೆ ಬಿತ್ತು. ಮೀಸೆ ಮುಂದೆ ಬಂದು ಭುಜ ಹಿಡಿದ. ಎತ್ತುವಾಗ ತಂಪಣ್ಣನ ಎಡಗೈ ಜಾರಿ ಜೋತುಬಿತ್ತು. ತೋಳಿನ ಗುಂಡಿ ಬಿಚ್ಚಿಕೊಂಡು ಅಂಗಿ ಮೇಲಕ್ಕೆ ಸರಿಯಿತು. ಮೀಸೆ ಆ ತೋಳನ್ನು ಹಿಡಿದುಕೊಂಡ.

"ನೋಡ್ರಪ್ಪ, ಎಂಥ ತೋಳು," ಅಕ್ಕ ಅಳುತ್ತ ಅಂದಳು. "ಆ ಬಿಪಿ ಮಿಷನ್ನು ಸುಳ್ಳು ಹೇಳುತ್ತಾ ಸಾರ್? ಹೇಳಿ, ಎಲ್ರ ಮುಂದೆ ಹೇಳಿ."

"ಮಿಷನ್ನು ಯಾಕಮ್ಮ ಸುಳ್ಳು ಹೇಳುತ್ತೆ," ಅಂದ ಸೂಪರ್‌ವೈಸರ್.

ಮೀಸೆ ಕೈಯಲ್ಲಿದ್ದ ತೋಳನ್ನು ನೋಡಿದ. ಮೊಣಕೈಯ ಮೇಲೆ, ಪಟ್ಟಿ ಸುತ್ತುವ ಜಾಗ. ಮೂರು ಸಲ ಸುತ್ತಿದ್ದರು. ಈ ತೋಳಿಗೆ.

ಮಿಷನ್ನು ಸುಳ್ಳು ಹೇಳಿರಲಿಲ್ಲ.

ಅವನು ಆ ಜಾಗದಿಂದ ಬೆರಳು ತೆಗೆಯಲಿಲ್ಲ. ಕುಳ್ಳ ಅದನ್ನು ಕಂಡ, ಅವನ ಮುಖ ಕಂಡ. ಮೀಸೆಗೆ ಹೊಳೆದದ್ದು ಕುಳ್ಳನಿಗೂ ಹೊಳೆದಿರಬೇಕು. ಪೆಟ್ಟಿಗೆಯೊಳಕ್ಕೆ ಇಳಿಸುತ್ತ ಇಳಿಸುತ್ತಲೇ ಪಿಸುಗುಟ್ಟಿದ. "ಬೇಡ ಕಣೋ. ನಮ್ಮೆಲ್ರ ಕೆಲಸಕ್ಕೂ ಸಂಚಕಾರ. ಸೋಮವಾರ ನೀನು ಮೇಲೆ ಹತ್ತೋನು."

ಮೀಸೆ ತೋಳನ್ನು ಪೆಟ್ಟಿಗೆಯಲ್ಲಿ ಇಟ್ಟ. ನೆಲದ ಮೇಲೆ ಕೂತ ಹೆಂಗಸಿನ ಕಡೆ ತಿರುಗಿದ.

"ಅತ್ತಿಗೆ, ಅಣ್ಣಂಗೆ ಬಿಪಿ ಇತ್ತು. ಮೂರು ವರ್ಷದಿಂದ ಇತ್ತು."

ನೆರೆಯವರ ಕಣ್ಣು ಹೆಂಡತಿಯಿಂದ ಮೀಸೆಯ ಕಡೆ ತಿರುಗಿತು.

"ಏಯ್," ಅಂದ ಸೂಪರ್‌ವೈಸರ್.

"ಅವನ ಹೆಸರಲ್ಲಿ ಯಾವತ್ತೂ ನೋಡೇ ಇಲ್ಲ. ನಮ್ಮ ಹೆಸರಲ್ಲಿ ನೋಡಿದ್ರು. ನಮ್ಮ ಬಿಲ್ಲೆ ಹಾಕ್ಕೊಂಡು ಅವನು ಹೋಗ್ತಿದ್ದ. ನಂದು ಜಾಸ್ತಿ ಅಂತ ಬಂತಲ್ಲ, ಅದು ನಂದಲ್ಲ." ಅವನ ದನಿ ಒಡೆಯಿತು, ಒಡೆದ ದನಿಯಲ್ಲೇ ಕೂಗಿದ. "ನನ್ನನ್ನ ಇಳಿಸಿ ನಡೆಸಿದ್ರು. ಅವನನ್ನ ಎರಡು ಪಾಳಿ ಕೂರಿಸಿದ್ರು. ಈ ಸಾರು ಪ್ರತಿ ವರ್ಷ ವ್ಯಾನಿನ ಬಾಗಿಲಲ್ಲಿ ನಿಂತು ನಾರ್ಮಲ್ ಅಂತ ಬರೆಸ್ದ. ಅಕ್ಕ, ಮನೇಲಿ ಏನೂ ಇರ್ಲಿಲ್ಲ. ಇವರನ್ನ ಬಿಟ್ಟುಬಿಡಿ."

"ಸಾವಿನ ಮನೇಲಿ ಏನು ಹುಚ್ಚು ಮಾತು!" ಸೂಪರ್‌ವೈಸರ್ ಸುತ್ತಲೂ ನೋಡಿದ. "ಕುಳ್ಳ, ಹೇಳೋ ಇವನಿಗೆ. ಹಂಗೇನಾದ್ರೂ ಇತ್ತಾ?"

ಕುಳ್ಳ ಪೆಟ್ಟಿಗೆಯ ಮೊಳೆಯೊಂದನ್ನು ಹೆಬ್ಬೆರಳಿನಿಂದ ಒತ್ತುತ್ತ ನಿಂತ. ಇಲ್ಲ ಎನ್ನಲಿಲ್ಲ. ಉಳಿದವರೂ ಅಷ್ಟೇ. ಗೋಡೆಗೆ ಒರಗಿದ್ದ ಹೆಂಗಸು ಈ ಸಲ ಲೊಚಗುಟ್ಟಲಿಲ್ಲ.

ತಂಪಣ್ಣನ ಹೆಂಡತಿ ತಲೆ ಎತ್ತಿದಳು. "ಅವತ್ತು ಸಂಜೆ ನಿಮ್ಮನೆಗೆ ಬಂದಿದ್ರಲ್ಲ?"

"ಹೂಂ."

"ಏನಂದ್ರು?"

"ಉಪ್ಪು ಕಡಿಮೆ ಮಾಡು ಅಂದ. ಸಿಗರೇಟು ಬಿಡು, ನಡಿ ಅಂದ. ತಲೆನೋವು ಬರುತ್ತಾ ಅಂತ ಕೇಳ್ದ. ಮನಸ್ಸಲ್ಲಿಟ್ಕೊಂಡು ಕೊರಗ್ಬೇಡ ಅಂದ. ನನ್ನ ಹೆಂಡತಿಗೂ ಹೇಳ್ದ."

"ನನಗೆ ಹೇಳ್ಲಿಲ್ಲ," ಅಂದಳು. ಮತ್ತೆ ಅದನ್ನೇ ಅಂದಳು. "ಅವತ್ತು ಮನೆಗೆ ಬಂದು, ಮೀಸೆಗೆ ಹುಷಾರಿಲ್ಲ ಕಣೇ, ಪಾಪ, ಅಂದ್ರು. ತಲೆನೋವು ಅಂತ ಬೇಗ ಮಲಗಿದ್ರು. ನಿದ್ದೇಲೂ ಎರಡು ಕೈ ಆಡ್ತಿತ್ತು. ಹಿಡಿಕೆ ಎಳೆದ ಹಾಗೆ. ನಾನು ಹಿಡ್ಕೊಂಡ್ರೆ ನಿಲ್ತಿತ್ತು. ಬಿಟ್ರೆ ಮತ್ತೆ ಶುರು."

ಅವಳು ಮೊಣಕಾಲೂರಿ ಪೆಟ್ಟಿಗೆಯ ಹತ್ತಿರ ಸರಿದಳು. ಮೇಲೆ ಸರಿದಿದ್ದ ತೋಳನ್ನು ಎಳೆದು, ಮಣಿಕಟ್ಟಿನ ಗುಂಡಿ ಹಾಕಿದಳು. ಗುಂಡಿ ಸುಲಭಕ್ಕೆ ಸೇರಲಿಲ್ಲ. ಯಾರೂ ನೆರವಿಗೆ ಬರಲಿಲ್ಲ. ಸೇರಿದ ಮೇಲೂ ಆ ಕೈಯನ್ನು ಹಿಡಿದುಕೊಂಡೇ ಕೂತಳು. ಆಗ ಅತ್ತಳು. ಅಕ್ಕ ಕುರ್ಚಿಯಿಂದ ಏಳಲಿಲ್ಲ. ಸೆರಗು ಮುಖಕ್ಕೆ ಒತ್ತಿಕೊಂಡಳು.

ಸೂಪರ್‌ವೈಸರ್ ಹೂವಿನ ಗುಚ್ಛವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟ. ಮೀಸೆಯ ಪಕ್ಕ ಹಾದುಹೋಗುವಾಗ, "ಸೋಮವಾರ ಏಣಿ ಹತ್ರ ಕಾಣಿಸ್ಕೋಬೇಡ. ಗೇಟಿನ ಹತ್ರಾನೂ," ಅಂದ.

*

ಸ್ಮಶಾನ ಊರ ಹೊರಗೆ, ಗೋದಾಮುಗಳ ಹಿಂದೆ. ಯಾರ್ಡಿನವರೆಲ್ಲ ಒಂದು ಗುಂಪಾಗಿ ನಡೆದರು. ಮೀಸೆ ಹಿಂದೆ ಒಬ್ಬನೇ ಬಂದ. ಅವನು ಹತ್ತಿರ ಬಂದರೆ ಗುಂಪು ಸ್ವಲ್ಪ ಬೇಗ ನಡೆಯುತ್ತಿತ್ತು. ಸೋಮವಾರವೇ ವ್ಯಾನು ತರಿಸುತ್ತಾರಂತೆ, ಈ ಸಲ ಮುಖ ನೋಡುತ್ತಾರಂತೆ ಎಂದು ಮುಂದೆ ಯಾರೋ ಅಂದದ್ದು ಅವನಿಗೂ ಕೇಳಿಸಿತು. "ತನ್ನ ಮೈ ಗಟ್ಟಿ ಇದೆಯಲ್ಲ, ಊರಿಗೆ ಬೆಂಕಿ ಇಟ್ಟ," ಅಂದ ಇನ್ನೊಬ್ಬ. ತಿರುಗಿ ಯಾರೂ ನೋಡಲಿಲ್ಲ.

ಗುಂಡಿಯ ಎರಡೂ ಬದಿಗೆ ನಿಂತು ಪೆಟ್ಟಿಗೆಯ ಕೆಳಗೆ ಹಗ್ಗ ಹಾಯಿಸಿದರು. ಇಳಿಸತೊಡಗಿದರು. ಅರ್ಧ ಇಳಿದಾಗ ಕುಳ್ಳನ ಬದಿಯ ಹಗ್ಗ ಜಾರಿತು. ತಲೆಯ ಕಡೆ ಧಡಕ್ಕನೆ ವಾಲಿತು. ಒಳಗೆ ಏನೋ ಸರಿದ ಸದ್ದು. ಹೆಂಡತಿ "ಅಯ್ಯೋ, ನಿಧಾನ" ಅಂದಳು.

"ನೀನು ಬಿಡೋ!"

"ನೀನು ಹಿಡಿಯೋ ಮೊದಲು!"

ಗುಂಡಿಯ ತಲೆಯ ಕಡೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ಮೀಸೆ ಬಂದು ನಿಂತ. ಕೈ ಎತ್ತಿದ.

ಅವನ ಮುಖ ನೋಡಲು ಯಾರಿಗೂ ಇಷ್ಟವಿರಲಿಲ್ಲ. ಕೈಯನ್ನು ನೋಡದೆ ಗತ್ಯಂತರವಿರಲಿಲ್ಲ. ಅವನು ಎಡಗಡೆಗೆ ಅಂಗೈ ತೋರಿದ, ಎಡಗಡೆಯವರು ತಡೆದರು. ಕುಳ್ಳನ ಕಡೆ ಬೆರಳು ಆಡಿಸಿದ. ಕುಳ್ಳ ಗೇಣು ಗೇಣಾಗಿ ಹಗ್ಗ ಎಳೆದುಕೊಂಡ. ಪೆಟ್ಟಿಗೆ ಮಟ್ಟವಾಯಿತು. ಆಮೇಲೆ ಅಂಗೈ ಕೆಳಗೆ ಮಾಡಿ, ಮಲಗಿದವನ ಎದೆ ತಟ್ಟುವಂತೆ, ಗಾಳಿಯಲ್ಲಿ ಮೆಲ್ಲಗೆ ತಟ್ಟಿದ. ನಿಧಾನ ಇಳಿಸು. ಇನ್ನೂ ನಿಧಾನ. ಪೆಟ್ಟಿಗೆ ಒಂದಿಷ್ಟೂ ತೂಗಾಡದೆ ಇಳಿದು ನೆಲ ಮುಟ್ಟಿತು.

ಮೀಸೆ ಮುಷ್ಟಿ ಬಿಗಿದು ಎತ್ತಿ ಹಿಡಿದ.

ಹಗ್ಗ ಎಳೆದುಕೊಂಡರು. ಸನಿಕೆ ಹಿಡಿದವರು ಮುಂದೆ ಬಂದರು. ಮೊದಲ ಮಣ್ಣು ಬಿತ್ತು, ಎರಡನೆಯದು ಬಿತ್ತು. ಜನ ಕೈ ಕೊಡವಿಕೊಂಡು ಗೇಟಿನ ಕಡೆ ತಿರುಗಿದರು. ಸ್ವಲ್ಪ ದೂರ ಹೋದ ಕುಳ್ಳ ಹಿಂದಿರುಗಿ ನೋಡಿದ. ಮೀಸೆ ಅದೇ ಜಾಗದಲ್ಲಿ, ಕತ್ತು ಮೇಲೆತ್ತಿ, ಏನನ್ನೋ ಕೇಳಿಸಿಕೊಳ್ಳುವವನಂತೆ ನಿಂತಿದ್ದ. ಮುಷ್ಟಿ ಇನ್ನೂ ಇಳಿದಿರಲಿಲ್ಲ.